ಯಾವುದು ಹೋದ್ರೆ ಪರವಾಗಿಲ್ಲ?

ಕಾಫಿ ಬೆಳೆಯೋರಿಗೆ 2021 ವಿಚಿತ್ರ ವರ್ಷ. ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಗಿಡಗಳು ಸುಟ್ಟವು. ಇಲ್ಲಿ ನಮ್ಮ ಮೂಡಿಗೆರೆಯಲ್ಲಿ ಅರೇಬಿಕಾ ಕಾಫಿ ರೇಟು ಏರೋಕೆ ಶುರುವಾಯ್ತು. ಎಷ್ಟೋ ವರ್ಷದಿಂದ ಬಿದ್ದಲ್ಲೇ ಬಿದ್ದಿದ್ದ ಬೆಲೆ ಅದು. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಊಟಕ್ಕಿಂತ ಜಾಸ್ತಿ ರೇಟಿನ ಮಾತೇ ಆಡುತ್ತಿದ್ದರು. ದೀಪಾವಳಿ ಮುಗಿಯಿತು, ಹಣ್ಣು ಕೆಂಪಾಯಿತು, ಅದರ ಬೆನ್ನಿಗೇ ಮಳೆ ಹಿಡಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಾಗೆ.

ನವೆಂಬರ್ ಮಳೆ ಯಾಕೆ ಅಷ್ಟು ಕೆಟ್ಟದ್ದು ಅಂತ ಬಯಲುಸೀಮೆಯವರಿಗೆ ಹೇಳಬೇಕು. ಜೂನ್, ಜುಲೈನಲ್ಲಿ ಎಷ್ಟು ಸುರಿದರೂ ನಾವು ಕೊಡೆ ಹಿಡಿದು ಓಡಾಡಿಕೊಂಡು ಇರುತ್ತೇವೆ. ಕೊಯ್ಲಿನ ಹೊತ್ತಿಗೆ ಬಂದರೆ ಕತೆಯೇ ಬೇರೆ. ಮಾಗಿದ ಹಣ್ಣು ನೀರು ಕುಡಿದು ಸಿಪ್ಪೆ ಬಿರಿಯುತ್ತೆ. ಹೆಬ್ಬೆರಳಲ್ಲಿ ಸುಮ್ನೆ ಮುಟ್ಟಿದರೂ ಬೀಜ ಜಾರಿ ಕೆಳಗೆ ಬೀಳುತ್ತೆ. ಕೊಯ್ದ ಹಣ್ಣನ್ನು ಅದೇ ದಿನ ಸಿಪ್ಪೆ ಸುಲಿಯೋ ಪಲ್ಪರ್‌ಗೆ ಹಾಕಬೇಕು. ಆಮೇಲೆ ತೊಟ್ಟಿಯಲ್ಲಿ ಲೋಳೆ ಬಿಡಬೇಕು, ತೊಳೆಯಬೇಕು, ಕಣದಲ್ಲಿ ವಾರದ ಮೇಲೆ ಒಣಗಬೇಕು. ಬಿಸಿಲು ಇದ್ದರೆ ಮಾತ್ರ ಈ ಸರಪಳಿ ಓಡೋದು. ಒಂದು ಕಡೆ ನಿಂತರೆ ಹಿಂದಿನದೆಲ್ಲ ಅಲ್ಲಲ್ಲೇ ಕೊಳೆಯುತ್ತೆ. ದೊಡ್ಡ ಎಸ್ಟೇಟಿನವರ ಹತ್ತಿರ ಡ್ರೈಯರ್ ಇರುತ್ತೆ. ನಮ್ಮಂಥ ಸಣ್ಣವರಿಗೆ ಸೂರ್ಯನೇ ಡ್ರೈಯರ್.

ಆ ವರ್ಷ ನಮ್ಮ ಯಜಮಾನರಿಗೆ ಬೆನ್ನಿನ ಆಪರೇಷನ್ ಆಗಿ ಹಾಸನದಲ್ಲಿ ನಾದಿನಿ ಮನೆಯಲ್ಲಿ ಮಲಗಿದ್ದರು. ಅಲ್ಲಿವರೆಗೆ ನನ್ನ ಕೆಲಸ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯೋದು, ವಾರದ ಬಟವಾಡೆ ಲೆಕ್ಕ ಹಾಕೋದು, ಇಷ್ಟೇ. ಕೊಯ್ಲು ನಡೆಸಿದ್ದು ಅದೇ ಮೊದಲು. ಮನೆಯಲ್ಲಿ ಮಾವ ಇದ್ದರು. ಎಂಬತ್ತು ದಾಟಿದ್ದರೂ ತೋಟದ ಒಂದೊಂದು ಸಿಲ್ವರ್ ಓಕ್ ಮರದ ಜಾತಕ ಹೇಳಬಲ್ಲವರು. ಸಲಹೆಗೆ ಕೊರತೆ ಇರಲಿಲ್ಲ ಅನ್ನಿ.

ಮಳೆ ಜೋರಾದ ಆ ಬೆಳಿಗ್ಗೆಯ ಸ್ಥಿತಿ ಹೀಗಿತ್ತು. ಕಣದಲ್ಲಿ ಅರ್ಧ ಒಣಗಿದ ಪಾರ್ಚ್‌ಮೆಂಟು, ಅಂದರೆ ತೊಳೆದ, ಒಳಪೊರೆ ಇರುವ ಬೀಜ, ಟಾರ್ಪಾಲಿನ ಕೆಳಗೆ ಬೆವರುತ್ತಾ ಇತ್ತು. ತೊಟ್ಟಿಯಲ್ಲಿ ಹಿಂದಿನ ದಿನ ಪಲ್ಪ್ ಮಾಡಿದ್ದು ತೊಳೆಯೋಕೆ ಕಾಯುತ್ತಿತ್ತು. ಗಿಡದಲ್ಲಿ ಹಣ್ಣು ಬಿರಿಯುತ್ತಿತ್ತು. ಬುಡದಲ್ಲಿ ಉದುರಿದ್ದು ಕೆಸರಲ್ಲಿ ಬಿದ್ದಿತ್ತು. ಬಂದ ಆಳುಗಳು ಮಾಮೂಲಿನ ಅರ್ಧ. ಅದರಲ್ಲಿ ಅಸ್ಸಾಂ ಕಡೆಯ ಎರಡು ಸಂಸಾರ, ಅವರಿಗೆ ನನ್ನ ಕನ್ನಡ ಬರಲ್ಲ, ನನಗೆ ಅವರ ಭಾಷೆ ಬರಲ್ಲ.

ಮಾವ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, "ಮೊದ್ಲು ಉದುರಿದ್ದು ಹೆಕ್ಸು, ಅದು ದುಡ್ಡು ಕಣಮ್ಮ, ದುಡ್ಡು ಕೆಸರಲ್ಲಿ ಬಿದ್ದದೆ" ಅಂದರು. ಯಜಮಾನರು ಫೋನಿನಲ್ಲಿ, "ಕೊಯ್ಲು ನಿಲ್ಲಿಸ್ಬೇಡ" ಅಂದರು. ವಾಟ್ಸಾಪಿನಲ್ಲಿ ಬಣ್ಣಬಣ್ಣದ ಚಂಡಮಾರುತದ ಮ್ಯಾಪುಗಳು. ಪಕ್ಕದ ತೋಟದವರು, "ನಾಳೆ ಬಿಸಿಲು ಬರುತ್ತೆ, ಸುಮ್ನಿರಿ" ಅಂತ ಧೈರ್ಯ ಹೇಳಿದರು. ನಾನೂ ಆಳುಗಳ ಮುಂದೆ ಅದನ್ನೇ ಹೇಳೋಕೆ ಬಾಯಿ ತೆರೆದಿದ್ದೆ. ಹೆದರಬೇಡಿ, ಎಲ್ಲ ಸರಿಹೋಗುತ್ತೆ, ಹೀಗೆ ಏನಾದರೊಂದು.

ನಮ್ಮ ಮೇಸ್ತ್ರಿ ಹೆಂಗಸು. ಮಾವನ ಕಾಲದಿಂದ ಇರುವವಳು. ಪ್ಲಾಸ್ಟಿಕ್ ಕೊಪ್ಪೆ ತಲೆಗೆ ಹಾಕಿಕೊಂಡು ನಿಂತಿದ್ದಳು. ಎಲ್ಲರ ಮಾತು ಮುಗಿದ ಮೇಲೆ ಕೇಳಿದಳು. "ಅಕ್ಕಾ, ಇವತ್ತು ಎಲ್ಲಾ ಉಳ್ಸಕ್ಕಾಗಲ್ಲ. ಯಾವುದು ಹೋದ್ರೆ ಪರವಾಗಿಲ್ಲ, ಅದೊಂದು ಹೇಳಿ. ಮಿಕ್ಕಿದ್ದು ನಾವು ನೋಡ್ಕತೀವಿ."

ಇಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಯಾವುದನ್ನು ಉಳಿಸಬೇಕು ಅಂತ ಕೇಳಿದ್ದರೆ ಥಟ್ಟನೆ ಎಲ್ಲ ಅಂತಿದ್ದೆ. ಅದಕ್ಕೇನು ಖರ್ಚಾಗುತ್ತೆ? ಇದು ಹೋಗಲಿ ಅನ್ನೋದಕ್ಕೆ ಗಂಟಲು ಹಿಡಿಯುತ್ತೆ. ಹೇಳಿದವರ ಹೆಸರಿಗೆ ಆ ನಷ್ಟ ಬರೆದಾಯ್ತು ಅಂತಲೇ ಅರ್ಥ.

ಆದರೆ ಅವಳು ಯಾಕೆ ಕೇಳಿದಳು ಅನ್ನೋದು ಚೆಕ್‌ರೋಲ್ ಬರೆದ ನನಗೆ ಗೊತ್ತಾಗದೆ ಇರಲಿಲ್ಲ. ಯಾವುದು ಹೋಗಬಹುದು ಅಂತ ಮೇಲಿನವರು ಬಾಯಿಬಿಟ್ಟು ಹೇಳದೆ ಇದ್ದರೆ, ಹೋದದ್ದು ಆ ಹೊತ್ತಿಗೆ ಯಾರ ಕೈಯಲ್ಲಿತ್ತೋ ಅವರ ತಲೆಗೇ ಬರುತ್ತೆ. ಕಣದ್ದು ಹಾಳಾದರೆ ಕಣದವನ ತಪ್ಪು. ತೊಟ್ಟಿಯದ್ದು ಹುಳಿ ಬಂದರೆ ತೊಳೆಯೋ ಹೆಂಗಸಿನ ತಪ್ಪು. ಶನಿವಾರ ಬಟವಾಡೆ ಹೊತ್ತಿಗೆ ಬೈಗುಳ ಅವರಿಗೇ. ಆಫೀಸುಗಳಲ್ಲೂ ಹೀಗೇ ಅಲ್ವಾ? ಎಲ್ಲವೂ ಅರ್ಜೆಂಟ್ ಅನ್ನುವ ಸಾಹೇಬರ ಕೆಳಗೆ ಕೆಲಸ ಮಾಡಿದವರಿಗೆ ನಾನು ಹೇಳೋದು ಅರ್ಥವಾಗುತ್ತೆ.

ಹೇಳಿದೆ. "ಉದುರಿದ್ದು ಬಿಡಿ. ಇವತ್ತು ಅದನ್ನ ಯಾರೂ ಮುಟ್ಟೋದು ಬೇಡ. ಹೋದ್ರೆ ನಾನು ಹೇಳಿದ್ದಕ್ಕೆ ಹೋಯ್ತು ಅಂದ್ಕೊಳ್ಳಿ." ಮಾವ ಕುರ್ಚಿಯಿಂದ ಅರ್ಧ ಎದ್ದರು. ಅವರು ಹೇಳೋದರಲ್ಲಿ ನ್ಯಾಯ ಇತ್ತು. ಉದುರಿದ್ದನ್ನು ಹಾಗೇ ಬಿಟ್ಟರೆ ಕಾಯಿಕೊರಕ ಹುಳ ಅದರಲ್ಲೇ ಸಂಸಾರ ಹೂಡುತ್ತೆ. ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರದವರೂ ಬುಡ ಚೊಕ್ಕ ಇಡಿ ಅಂತಲೇ ಹೇಳೋದು. ಆದರೆ ಹುಳ ಒಂದು ವಾರ ಕಾಯುತ್ತೆ, ಕಣದ್ದು ಕಾಯಲ್ಲ. ಅದರಲ್ಲಿ ಆಗಲೇ ಕೊಯ್ಲಿನ ಕೂಲಿ, ಪಲ್ಪರ್‌ನ ಡೀಸೆಲ್ಲು, ಒಣಗಿಸಿದ ಶ್ರಮ ಎಲ್ಲ ಸೇರಿತ್ತು. ಎರಡನೆಯ ಮಾತೂ ಆಗಲೇ ಹೇಳಿಬಿಟ್ಟೆ. ಗಿಡದ ಹಣ್ಣು ಕೈಗೆ ಸಿಕ್ಕಷ್ಟು ಕೊಯ್ದು ಸಂಜೆಯೇ ಹಸಿ ಹಣ್ಣಾಗಿ ಮಾರೋದು, ನಮ್ಮ ಪಲ್ಪರ್ ಇವತ್ತು ಓಡೋದು ಬೇಡ. ರೇಟು ಕಮ್ಮಿ ಸಿಗುತ್ತೆ, ಸಿಗಲಿ.

ಅಲ್ಲಿಂದ ಮುಂದೆ ನನ್ನ ಕೆಲಸ ಜಾಸ್ತಿ ಇರಲಿಲ್ಲ, ನಿಜ ಹೇಳಬೇಕಂದ್ರೆ. ಮೇಸ್ತ್ರಿ ಜನರನ್ನು ಹಂಚಿದಳು. ತೊಟ್ಟಿಯದ್ದನ್ನು ತೊಳೆಸಿ, ಚೊಕ್ಕ ನೀರಲ್ಲಿ ಮುಳುಗಿಸಿ ಇಡಿಸಿದಳು. ಹಾಗಿಟ್ಟರೆ ಒಂದು ದಿನ ತಡೆಯುತ್ತೆ. ಮಳೆ ನೀರಿಗೇನು ಬರ. ಕಣದ ಪಾರ್ಚ್‌ಮೆಂಟು ಬುಟ್ಟಿಬುಟ್ಟಿಯಾಗಿ ಮನೆಯೊಳಗೆ ಬಂತು. ಜಗಲಿ, ಹಜಾರ, ಕಾರ್ ಶೆಡ್ಡು, ಮಕ್ಕಳು ಓದುವ ರೂಮು. ಅಸ್ಸಾಮಿನ ಹುಡುಗಿಗೆ ಎಷ್ಟು ತೆಳ್ಳಗೆ ಹರಡಬೇಕು ಅಂತ ಹೇಳೋಕೆ ಮಾತು ಬರದೆ, ಮೇಸ್ತ್ರಿ ಎರಡು ಬೆರಳು ಅಡ್ಡ ಹಿಡಿದು ನೆಲಕ್ಕೆ ಊರಿ ತೋರಿಸಿದಳು. ಆ ಹುಡುಗಿ ಸಂಜೆವರೆಗೂ ಅಲ್ಲಲ್ಲಿ ಬೆರಳು ಊರಿ ಅಳೆಯುತ್ತಲೇ ಇದ್ದಳು. ಅವಳು ಹರಡಿದ ಜಾಗ ನನ್ನದಕ್ಕಿಂತ ಸಮ ಇತ್ತು.

ಬಚ್ಚಲ ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ, ಅಲ್ಲಿ ಹಾಕಿ ಅಂತ ಮಾವ ಸೂಚಿಸಿದರು. ಮೇಸ್ತ್ರಿ, "ಬ್ಯಾಡಿ ಅಯ್ಯಾ, ಹೊಗೆ ವಾಸನೆ ಕುಡೀತದೆ" ಅಂದಳು. ಕಾಫಿ ಬೀಜ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಎಳೆದುಕೊಳ್ಳುತ್ತೆ. ಮಾವ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಹಜಾರದಲ್ಲಿದ್ದ ತಮ್ಮ ಮಂಚವನ್ನು ತಾವೇ ಎಳೆಯುತ್ತಿದ್ದರು. ಅಷ್ಟು ಜಾಗ ಬಿಡುವಾಯಿತು.

ಮಧ್ಯಾಹ್ನ ಗಂಜಿ ಹೊತ್ತಿಗೆ ನಾನು ಒಂದು ವಿಷಯ ಹೇಳಿದೆ. ಮಳೆಗೆ ಕೊಯ್ಲು ಎಷ್ಟೇ ಆಗಲಿ, ಇವತ್ತು ಎಲ್ಲರಿಗೂ ಪೂರ್ತಿ ಹಾಜರಿ, ಅಂದರೆ ದಿನದ ಪೂರ್ತಿ ಕೂಲಿ. ಕೊಯ್ಲಿನ ದಿನ ಕೆ.ಜಿ. ಲೆಕ್ಕದಲ್ಲಿ ಕೂಲಿ ಇರುತ್ತೆ. ಒದ್ದೆ ಗಿಡದಲ್ಲಿ ಅರ್ಧ ತೂಕವೂ ಆಗಲ್ಲ, ಜಿಗಣೆ ಬೇರೆ. ಸಂಜೆ ಹೇಳಿದ್ದರೂ ಅಷ್ಟೇ ದುಡ್ಡು. ಮಧ್ಯಾಹ್ನವೇ ಹೇಳಿದ್ದಕ್ಕೆ ತೂಕ ಏರಿಸೋಕೆ ಹಸಿರುಕಾಯಿ ತರಿಯೋದು ನಿಂತಿತು. ಹಸಿರು ಜಾಸ್ತಿ ಇದ್ದಿದ್ದರೆ ಸಂಜೆ ಹಣ್ಣು ಕೊಳ್ಳುವವರು ಇನ್ನೂ ರೇಟು ಇಳಿಸುತ್ತಿದ್ದರು.

ರಾತ್ರಿ ಕರೆಂಟ್ ಹೋಯ್ತು, ಫ್ಯಾನು ನಿಂತವು. ಇಬ್ಬರು ಹೆಂಗಸರು ಉಳಿದುಕೊಂಡರು. ಗಂಟೆಗೊಮ್ಮೆ ಎದ್ದು ಕೈಯಲ್ಲೇ ಬೀಜ ಮಗುಚುತ್ತಾ ಇದ್ದೆವು. ಮೇಸ್ತ್ರಿ ಒಂದು ಬೀಜ ಹಲ್ಲಿಗೆ ಹಾಕಿ ಕಚ್ಚಿ, "ಇನ್ನೂ ಹಸಿ" ಅನ್ನೋಳು. ಬಾಯಿಗೆ ಇಟ್ಟ ತಕ್ಷಣ ಹೇಳೋಳು. ಶೇಕಡಾ ಹತ್ತರ ತೇವಕ್ಕೆ ಬಂದರೆ ಚೀಲ ತುಂಬಬಹುದು ಅಂತ ಪುಸ್ತಕ ಹೇಳುತ್ತೆ, ಅವಳ ಹಲ್ಲಿಗೆ ಅದು ಗೊತ್ತು.

ಇದೆಲ್ಲ ಗೆದ್ದ ಕತೆ ಅಂದುಕೊಳ್ಳಬೇಡಿ. ಮಳೆ ಮರುದಿನವೂ ಇತ್ತು, ಅದರ ಮರುದಿನವೂ ಇತ್ತು. ಕಾರ್ ಶೆಡ್ಡಿನ ಬೀಜಕ್ಕೆ ಮುಗ್ಗು ವಾಸನೆ ಹಿಡಿಯಿತು, ಆ ಚೀಲಗಳು ಕಮ್ಮಿ ಬೆಲೆಗೆ ಹೋದವು. ಹಜಾರದ್ದು ಚೆನ್ನಾಗಿ ಬಂತು. ಹಸಿ ಹಣ್ಣಿನಲ್ಲಿ ನಷ್ಟವೇ. ನಾಳೆ ಬಿಸಿಲು ಅಂದಿದ್ದ ಪಕ್ಕದವರು ತಮ್ಮ ನೆಂಟರ ಡ್ರೈಯರ್ ಹಿಡಿದು ನಮಗಿಂತ ಒಳ್ಳೆ ರೇಟಿಗೆ ಮಾರಿದರು. ಆ ದಾರಿ ನಮಗಿರಲಿಲ್ಲ. ನಾನು ಹೇಳಿದ್ದು ಸರಿಯೋ ತಪ್ಪೋ ಅಂತ ಈಗಲೂ ತಕ್ಕಡಿಯಲ್ಲಿ ತೂಗಿ ತೋರಿಸೋಕಾಗಲ್ಲ. ಹಾಳಾದ ಚೀಲಗಳಿಗಾಗಿ ಯಾರೂ ಬೈಸಿಕೊಳ್ಳಲಿಲ್ಲ ಅನ್ನೋದು ಮಾತ್ರ ಖಂಡಿತ. ಮುಂದಿನ ವಾರ ಆಳುಗಳಿಗಾಗಿ ತೋಟ ತೋಟಗಳ ನಡುವೆ ಕಿತ್ತಾಟ ನಡೆಯುತ್ತಿದ್ದಾಗ ನಮ್ಮಲ್ಲಿಗೆ ಬರೋರು ಬಂದರು.

ಮಳೆ ಬಿಟ್ಟ ಮೇಲೆ ಉದುರಿದ್ದನ್ನೆಲ್ಲ ಹೆಕ್ಕಿಸಿದೆವು. ಅರ್ಧ ಕಪ್ಪಗಾಗಿತ್ತು. ಡಿಸೆಂಬರ್‌ನಲ್ಲಿ ಯಜಮಾನರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಕಣಕ್ಕೆ ಬಂದರು. ಕರಿ ಚೆರ್ರಿಯ ರಾಶಿ ನೋಡಿ, "ಇಷ್ಟೊಂದು ಹಾಳಾಗೋವರೆಗೂ ಬಿಟ್ಟಿದ್ಯಾರು?" ಅಂದರು.

ನಾನು ಬಾಯಿ ತೆರೆಯೋಕೆ ಮೊದಲೇ ಮಾವ ಕುರ್ಚಿಯಿಂದ, "ನಾನೇ ಬಿಡಿ ಅಂದಿದ್ದು ಕಣೋ. ಏನೀಗ?" ಅಂದುಬಿಟ್ಟರು. ಮೇಸ್ತ್ರಿ ನನ್ನ ಮುಖ ನೋಡಿದಳು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಆ ಕಡೆ ತಿರುಗಿ, ಬೀಜ ಹರವೋ ಹಲಗೆ ಎತ್ತಿಕೊಂಡಳು.