ಯಮುನೆಯ ದಡದಲ್ಲೊಂದು ತವರು

ಆಗ್ರಾದಲ್ಲಿ ತಾಜ್ ಮಹಲನ್ನು ಬೇಕೆಂದೇ ಸಂಜೆಗೆ ಇಟ್ಟುಕೊಂಡೆವು. ಡಿಸೆಂಬರ್ ಮಂಜಿನಲ್ಲೇ ಆಟೋ ಹತ್ತಿ, ಯಮುನೆ ದಾಟಿ, ಇತ್ಮಾದ್-ಉದ್-ದೌಲಾ ಗೋರಿಗೆ ಹೋದೆವು. ಊರಿನವರು ಅದನ್ನು 'ಬೇಬಿ ತಾಜ್' ಅಂತಾರೆ. ನನಗೆ ಆ ಹೆಸರು ಹಿಡಿಸಲಿಲ್ಲ. ತಾಜ್‌ಗಿಂತ ಮೊದಲೇ, 1622ರಿಂದ 1628ರ ನಡುವೆ ಕಟ್ಟಿದ್ದು ಇದು. ಕಟ್ಟಿಸಿದವಳು ಮೊಘಲ್ ದೊರೆ ಜಹಾಂಗೀರನ ರಾಣಿ ನೂರ್ ಜಹಾನ್, ತನ್ನ ಅಪ್ಪ ಅಮ್ಮನಿಗಾಗಿ.

ಗೋಡೆಯ ಹತ್ತಿರ ನಿಂತರೆ ಕಣ್ಣು ಕೀಳಲು ಆಗುವುದಿಲ್ಲ. ಬಿಳಿ ಅಮೃತಶಿಲೆಯಲ್ಲಿ ಬಣ್ಣಬಣ್ಣದ ಕಲ್ಲು ಕೂರಿಸಿ ಹೂಜಿ, ಹೂದಾನಿ, ಸೈಪ್ರೆಸ್ ಮರ ಬಿಡಿಸಿದ್ದಾರೆ. ಒಳಗೆ ಜಾಲಂಧ್ರದ ತೆಳು ಬೆಳಕು. ನಡುಕೋಣೆಯಲ್ಲಿ ಹಳದಿ ಕಲ್ಲಿನ ಎರಡು ಸಮಾಧಿ, ಅಕ್ಕಪಕ್ಕ. ಒಂದು ಇತ್ಮಾದ್-ಉದ್-ದೌಲಾ ಎಂಬ ಬಿರುದಿನ ಮಿರ್ಜಾ ಘಿಯಾಸ್ ಬೇಗ್‌ನದು, ಇನ್ನೊಂದು ಅಸ್ಮತ್ ಬೇಗಂಳದು. ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು.

ಪರ್ಷಿಯಾದಿಂದ ಬದುಕು ಹುಡುಕಿಕೊಂಡು ಬಂದ ದಂಪತಿ ಇವರು. ದಾರಿಯಲ್ಲಿ, ಕಂದಹಾರ್‌ನಲ್ಲಿ, 1577ರಲ್ಲಿ ಮಗಳು ನೂರ್ ಜಹಾನ್ ಹುಟ್ಟಿದಳು. ಅವಳ ಮೊದಲ ಗಂಡ ಶೇರ್ ಅಫ್ಘನ್ 1607ರಲ್ಲಿ ಬಂಗಾಳದಲ್ಲಿ ಸತ್ತ. ಲಾಡ್ಲಿ ಎಂಬ ಮಗಳಿದ್ದ ಆ ವಿಧವೆಯನ್ನು 1611ರಲ್ಲಿ ಜಹಾಂಗೀರ್ ಮದುವೆಯಾದ. ಮರುವರ್ಷವೇ ಅವಳ ಅಣ್ಣ ಆಸಫ್ ಖಾನನ ಮಗಳು ಅರ್ಜುಮಂದ್, ಜಹಾಂಗೀರನ ಮಗ ಖುರ್ರಮ್‌ನ ಕೈಹಿಡಿದಳು. ಆ ನಿಶ್ಚಿತಾರ್ಥ 1607ರಲ್ಲೇ ಆಗಿತ್ತು. ಖುರ್ರಮ್ ಅಂದರೆ ಮುಂದಿನ ಷಾ ಜಹಾನ್. ಅರ್ಜುಮಂದ್ ಅಂದರೆ ಮುಮ್ತಾಜ್.

ಗಂಟು ಬಿಗಿಯಾದದ್ದು 1621ರಲ್ಲಿ. ನೂರ್ ಜಹಾನ್ ತನ್ನ ಲಾಡ್ಲಿಯನ್ನು ಜಹಾಂಗೀರನ ಇನ್ನೊಬ್ಬ ಮಗ ಶಹರ್ಯಾರ್‌ಗೆ ಕೊಟ್ಟಳು. ಅಣ್ಣನ ಅಳಿಯ, ತಂಗಿಯ ಅಳಿಯ, ಇಬ್ಬರೂ ಒಬ್ಬನೇ ಅಪ್ಪನ ಮಕ್ಕಳು. ಸಿಂಹಾಸನ ಮಾತ್ರ ಒಂದೇ.

ಅಪ್ಪ ಅಮ್ಮ ಹೋದ ಮೇಲೆ ಹೆಣ್ಣಿಗೆ ಅಣ್ಣನೇ ತವರು ಅಲ್ವಾ? 1627ರಲ್ಲಿ ಜಹಾಂಗೀರ್ ಸತ್ತಾಗ ಆಸಫ್ ಖಾನ್ ತಂಗಿಯನ್ನೇ ಕಾವಲಿನಲ್ಲಿಟ್ಟ. ಲಾಹೋರ್ ಬಳಿ ಶಹರ್ಯಾರ್‌ನ ಸೈನ್ಯವನ್ನು ಸೋಲಿಸಿದ. ಶಹರ್ಯಾರ್‌ನನ್ನು ಕುರುಡು ಮಾಡಿದರು, ಆಮೇಲೆ ಕೊಂದರು. ಲಾಡ್ಲಿ ವಿಧವೆಯಾದಳು. ಇದೇ ಆಸಫ್ ಖಾನ್ 1631ರಲ್ಲಿ ನಮ್ಮ ವಿಜಯಪುರಕ್ಕೆ ಮುತ್ತಿಗೆ ಹಾಕಿ ಗೆಲ್ಲಲಾಗದೆ ವಾಪಸಾದ. ಶಾಲೆಯಲ್ಲಿ ಆ ಹೆಸರನ್ನು ಬರೀ ಸೇನಾಪತಿ ಎಂದು ಓದಿದ್ದೆ. ಅವನ ತಂಗಿ ಕಟ್ಟಿಸಿದ ಗೋರಿಯೊಳಗೆ ನಿಂತಾಗ ಅವನ ಮೇಲೆ ನಿಜಕ್ಕೂ ಸಿಟ್ಟು ಬಂತು. ಆದರೆ ಅವನಿಗೂ ಒಬ್ಬ ಮಗಳಿದ್ದಳು. ಅವನು ಅವಳ ಕಡೆ ನಿಂತ.

ಸಂಜೆ ತಾಜ್ ನೋಡಿದೆವು. ಮುಮ್ತಾಜ್ 1631ರಲ್ಲಿ ಬುರ್ಹಾನ್‌ಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡಳು. ಜನಜಂಗುಳಿ ಜಾಸ್ತಿ ಇತ್ತು. ನಾನು ಹಿಂಬದಿಗೆ ಹೋಗಿ ಸುಮ್ನೆ ನದಿ ನೋಡುತ್ತಾ ನಿಂತೆ. ಬೆಳಿಗ್ಗೆ ಅಜ್ಜ ಅಜ್ಜಿಯ ಗೋರಿಯ ಹಿಂದೆ ಕಂಡ ಯಮುನೆಯೇ ಇಲ್ಲಿ ಮೊಮ್ಮಗಳ ಗೋರಿಯ ಹಿಂದೆ ಹರಿಯುತ್ತಿತ್ತು.

ನೂರ್ ಜಹಾನ್ ಮಾತ್ರ ಇಲ್ಲಿಲ್ಲ. ಕೊನೆಯ ವರ್ಷಗಳನ್ನು ಲಾಹೋರ್‌ನಲ್ಲಿ ಕಳೆದು 1645ರಲ್ಲಿ ಅಲ್ಲೇ ತೀರಿಕೊಂಡಳು. ಲಾಹೋರ್ ಬಳಿಯ ಶಹದರಾದಲ್ಲಿ ಲಾಡ್ಲಿಯೂ ಅವಳ ಪಕ್ಕದಲ್ಲೇ ಮಲಗಿದ್ದಾಳೆ. ಆಸಫ್ ಖಾನನ ಗೋರಿಯೂ ಅಲ್ಲೇ ಹತ್ತಿರದಲ್ಲಿದೆ. ಅಣ್ಣ ತಂಗಿಯ ನಡುವೆ ಈಗ ರೈಲು ಹಳಿ ಹಾದುಹೋಗುತ್ತದೆ.