ರಾಜನನ್ನು ಸೆರೆ ಹಿಡಿದ ಫಿತಾವ್ರಾರಿ

ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಮೇಷ್ಟ್ರಾಗಿದ್ದಾಗ ನಾನು ಪಿಯಾಸ್ಸಾ ಅನ್ನೋ ಹಳೇ ಬಡಾವಣೆ ಕಡೆ ಜಾಸ್ತಿ ಓಡಾಡುತ್ತಿದ್ದೆ. ರಾಸ್ ಮೆಕೊನ್ನೆನ್ ಸೇತುವೆ, ದೆಜಾಚ್ ವುಬೆ ಸೆಫೆರ್ (ಸೆಫೆರ್ ಅಂದರೆ ಬಿಡಾರ, ಕೇರಿ), ಹಬ್ತೆ ಗಿಯೋರ್ಗಿಸ್ ಸೇತುವೆ. ಅಲ್ಲಿ ದಾರಿ ಕೇಳಿದರೆ ಬರುವುದೆಲ್ಲ ಹಳೇ ಸರದಾರರ ಹೆಸರೇ. ಚಕ್ರವರ್ತಿ ಮೆನೆಲಿಕ್ ಕಾಲದಲ್ಲಿ ಅವರು ತಮ್ಮ ಆಳುಗಳ ಜೊತೆ ಬಿಡಾರ ಹೂಡಿದ ಜಾಗಗಳೇ ಕೇರಿಗಳಾಗಿ ಬೆಳೆದವು.

ಅವರ ಬಿರುದುಗಳೂ ದಂಡಿನಿಂದ ಬಂದವು. ಎಡಪಡೆಯ ನಾಯಕ ಗ್ರಾಜ್ಮಾಚ್, ಬಲಪಡೆಯವನು ಕೆಗ್ನಾಜ್ಮಾಚ್. ಎಲ್ಲರಿಗಿಂತ ಮುಂದೆ ನುಗ್ಗುವವನು ಫಿತಾವ್ರಾರಿ. ಅವರ ಮೇಲೆ ದೆಜಾಜ್ಮಾಚ್, ಅದರ ಮೇಲೆ ರಾಸ್. ಇನ್ನೂ ಮೇಲೆ ನೆಗುಸ್, ಅಂದರೆ ರಾಜ. ತುದಿಯಲ್ಲಿ ರಾಜರ ರಾಜ. ದೊಡ್ಡ ಮನೆತನದವರಿಗೆ ದಾರಿ ಸುಲಭವಿತ್ತು, ನಿಜ. ಆದರೆ ಅಪ್ಪ ರಾಸ್ ಆಗಿದ್ದ ಮಾತ್ರಕ್ಕೆ ಮಗ ರಾಸ್ ಆಗುತ್ತಿರಲಿಲ್ಲ. ಚಕ್ರವರ್ತಿಯೇ ಕೊಡಬೇಕಿತ್ತು.

ನನಗೆ ಇವರಲ್ಲೆಲ್ಲ ತುಂಬ ಇಷ್ಟವಾದವನು ಹಬ್ತೆ ಗಿಯೋರ್ಗಿಸ್. ಒರೊಮೊ ಜನಾಂಗದ ಹುಡುಗ. ಮೆನೆಲಿಕ್‌ನ ಸೈನ್ಯ ಚಿಕ್ಕಂದಿನಲ್ಲೇ ಈತನನ್ನು ಸೆರೆ ಹಿಡಿದು ತಂದಿತ್ತು. ಅರಮನೆಯ ಸೇವೆಯಲ್ಲೇ ಬೆಳೆದ, ಕಾದಾಡಿ ಮೇಲೆ ಬಂದ. 1896ರ ಅಡ್ವಾ ಯುದ್ಧದಲ್ಲಿ ಇಟಲಿಯವರ ವಿರುದ್ಧ ಫಿತಾವ್ರಾರಿ ಗೆಬೆಯೆಹು ಮಡಿದ ಮೇಲೆ ಆ ಸ್ಥಾನ ಈತನಿಗೆ ಬಂತು. 1907ರಲ್ಲಿ ಮೆನೆಲಿಕ್ ಮೊದಲ ಮಂತ್ರಿಮಂಡಲ ಮಾಡಿದಾಗ ಈತನೇ ಯುದ್ಧಮಂತ್ರಿ. ಅಷ್ಟಾದರೂ ಬಿರುದು ಮಾತ್ರ ಫಿತಾವ್ರಾರಿಯೇ! ರಾಸ್‌ಗಳೂ ಈತನ ಮಾತಿಗೆ ಕಾಯುತ್ತಿದ್ದರು.

1916ರಲ್ಲಿ ಯುವ ದೊರೆ ಇಯಾಸುವನ್ನು ಪಟ್ಟದಿಂದ ಇಳಿಸಿದರು. ಮಗನ ಪರವಾಗಿ ನೆಗುಸ್ ಮಿಕಾಯೆಲ್ ವೊಲ್ಲೊ ಪ್ರಾಂತ್ಯದಿಂದ ದೊಡ್ಡ ಸೈನ್ಯ ತಂದ. ಅಕ್ಟೋಬರ್ 27ರಂದು ಸೆಗಾಲೆ ಬಯಲಲ್ಲಿ ಯುದ್ಧ ನಡೆಯಿತು. ಎದುರು ಪಡೆಯನ್ನು ನಡೆಸಿದವನು ಹಬ್ತೆ ಗಿಯೋರ್ಗಿಸ್. ರಾಜ ಸೋತ, ಸೆರೆ ಸಿಕ್ಕ. ಸೆರೆಯಾಳಾಗಿ ಬಂದ ಹುಡುಗ, ಪಟ್ಟಿಯಲ್ಲಿ ಎಷ್ಟೋ ಕೆಳಗಿದ್ದವನು, ಒಬ್ಬ ನೆಗುಸ್‌ನನ್ನೇ ಹಿಡಿದ. ಎಂಥ ಬದುಕು ಅಲ್ವಾ?

ಇಯಾಸುವನ್ನು ಇಳಿಸಿದಾಗಲೇ ಮೆನೆಲಿಕ್‌ನ ಮಗಳು ಜೌದಿತು ಪಟ್ಟಕ್ಕೆ ಬಂದಿದ್ದಳು. ರಾಸ್ ತಫಾರಿ ಆಡಳಿತ ನೋಡಿಕೊಂಡ. ಮುದುಕ ಹಬ್ತೆ ಗಿಯೋರ್ಗಿಸ್ ಇರುವವರೆಗೆ ತಫಾರಿಗೆ ಹೊಸದೇನು ಮಾಡುವುದೂ ಸುಲಭವಿರಲಿಲ್ಲ. 1926ರಲ್ಲಿ ಹಬ್ತೆ ಗಿಯೋರ್ಗಿಸ್ ತೀರಿಕೊಂಡ. ಅವನ ಸೈನ್ಯ, ಜಮೀನು ಎಲ್ಲ ತಫಾರಿಯ ಕೈಗೆ ಹೋದವು. 1928ರಲ್ಲಿ ತಫಾರಿ ನೆಗುಸ್ ಆದ. 1930ರಲ್ಲಿ ಹೈಲೆ ಸೆಲಾಸಿ ಎಂಬ ಹೆಸರಲ್ಲಿ ಚಕ್ರವರ್ತಿ.