ರೆಂಬ್ರಾಂಟ್‌ನ ಛತ್ರದಲ್ಲಿ ಅಡ್ವಾನ್ಸ್ ಪಡೆದವನು

ಡಚ್ ಚಿತ್ರಕಾರ ರೆಂಬ್ರಾಂಟ್ 1633ರಲ್ಲಿ ಮಾಡಿದ ‘ಒಳ್ಳೆಯ ಸಮಾರ್ಯದವನು’ ಎಚಿಂಗ್ (ಲೋಹದ ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆದು ಅಚ್ಚು ಹಾಕುವ ಚಿತ್ರ) ಬಗ್ಗೆ ಯಾರು ಮಾತೆತ್ತಿದರೂ ಮೊದಲು ನಾಯಿಯ ವಿಷಯ ಬರುತ್ತದೆ. ಬರಲೇಬೇಕು ಬಿಡಿ. ಬೈಬಲ್ಲಿನ ದೃಶ್ಯ. ಅದರ ಮುಂದೆಯೇ, ನಮ್ಮ ಮೂಗಿನ ಕೆಳಗೆ, ನಾಯಿಯೊಂದು ಬೆನ್ನು ಬಾಗಿಸಿ ಹೇಲಲು ಕೂತಿದೆ!

ಕತೆ ಲೂಕನ ಸುವಾರ್ತೆಯದು. ಕಳ್ಳರು ಬಡಿದು ದಾರಿಯಲ್ಲಿ ಬಿಸಾಕಿದವನನ್ನು ಯೆಹೂದ್ಯರ ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ನೋಡಿ ಪಕ್ಕಕ್ಕೆ ಸರಿದು ಹೋದರು. ಯೆಹೂದ್ಯರಿಗೆ ಆಗದ ಸಮಾರ್ಯ ಪ್ರಾಂತ್ಯದವನೊಬ್ಬ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ತಂದ. ರೆಂಬ್ರಾಂಟ್ ದಾರಿ ಬಿಟ್ಟು ಸೀದಾ ಛತ್ರದ ಬಾಗಿಲಿಗೇ ಬರುತ್ತಾನೆ.

ನಾನು ಲಾಡ್ಜ್ ಕೌಂಟರಿನಲ್ಲಿ ಕೂರುವವನು. ನನ್ನ ಕಣ್ಣು ಹೋಗುವುದೇ ಮೆಟ್ಟಿಲ ಮೇಲಿನ ಇಬ್ಬರ ಕಡೆಗೆ. ಸಮಾರ್ಯದವನು ನಮಗೆ ಬೆನ್ನು ಹಾಕಿದ್ದಾನೆ. ಎದುರಿಗೆ ಗಡ್ಡದ ಯಜಮಾನ, ಕೈ ದುಡ್ಡಿನ ಚೀಲದಲ್ಲಿ. ಲೂಕನ ಪ್ರಕಾರ ದುಡ್ಡು ಕೊಟ್ಟಿದ್ದು ಮಾರನೇ ದಿನ. ಇಲ್ಲಿ ನೋಡಿದರೆ ಗಾಯಾಳುವನ್ನು ಇನ್ನೂ ಕುದುರೆಯಿಂದ ಇಳಿಸುತ್ತಿದ್ದಾರೆ, ಆಗಲೇ ದುಡ್ಡು ಕೈಬದಲಾಗಿದೆ! ಮೊದಲು ಅಡ್ವಾನ್ಸ್, ಆಮೇಲೆ ರೂಮು. ಛತ್ರದ ಕಾನೂನು ರೆಂಬ್ರಾಂಟ್‌ಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಜರ್ಮನ್ ಕವಿ ಗಯಟೆ ಈ ಚಿತ್ರದ ಮೇಲೊಂದು ಲೇಖನ ಬರೆದಿದ್ದಾನೆ. ಕಿಟಕಿಯಲ್ಲಿ ಗರಿಯ ಟೋಪಿ ಹಾಕಿ ನಿಂತವನೇ ಕಳ್ಳರ ನಾಯಕ, ಗಾಯಾಳು ಅವನ ಗುರುತು ಹಿಡಿದು ಕಂಗಾಲಾಗಿದ್ದಾನೆ ಅಂತ ಗಯಟೆಯ ಲೆಕ್ಕ. ಮಜವಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಅಂಗಳದಲ್ಲಿ ಸದ್ದಾದರೆ ಯಾವನಾದರೂ ಒಬ್ಬ ಗಿರಾಕಿ ಕಿಟಕಿಯಿಂದ ಸುಮ್ನೆ ಇಣುಕೇ ಇಣುಕುತ್ತಾನೆ. ಅದಕ್ಕೆ ಅವನು ಕಳ್ಳನೇ ಆಗಬೇಕಾ? ಹಿಂದೆ ಬಾವಿಯ ಹತ್ತಿರ ಹೆಂಗಸೊಬ್ಬಳು ನೀರು ಸೇದುತ್ತಿದ್ದಾಳೆ, ಅವಳಿಗೆ ಇತ್ತ ತಿರುಗಲೂ ಪುರುಸೊತ್ತಿಲ್ಲ. ನಾಯಿಗಂತೂ ಅದರದೇ ಕೆಲಸ. ಎಲ್ಲರೂ ಕೈಮುಗಿದು ನಿಂತುಬಿಟ್ಟಿದ್ದರೆ ಇದು ಛತ್ರ ಆಗುತ್ತಿರಲಿಲ್ಲ, ಅಲ್ವಾ?

ನನಗೆ ಜಾಸ್ತಿ ಕಾಡುವವನು ಯಜಮಾನನೇ. ಸಿಕ್ಕಿದ್ದು ಎರಡು ದಿನಾರಿ, ಅಂದರೆ ಆಗಿನ ಎರಡು ದಿನದ ಕೂಲಿ. ‘ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ’ ಅಂತ ಸಮಾರ್ಯದವನು ಅಂದದ್ದು ಬರೀ ಬಾಯಿಮಾತು. ಹೇಳಿದವನು ಆಗದ ಜನದವನು. ಮೈಮೇಲೆ ಬಟ್ಟೆಯೂ ಇಲ್ಲದ ರೋಗಿಯನ್ನು ಇನ್ನೆಷ್ಟು ದಿನ ನೋಡಿಕೊಳ್ಳಬೇಕೋ! ಆದರೂ ಒಳಗೆ ಸೇರಿಸಿಕೊಂಡ. ‘ಒಳ್ಳೆಯ’ ಅನ್ನುವ ಬಿರುದಿನಲ್ಲಿ ಅವನಿಗೂ ಸ್ವಲ್ಪ ಪಾಲು ಕೊಡಬಹುದಿತ್ತು. ನಾನಾಗಿದ್ದರೆ ಮೊದಲು ಇಬ್ಬರ ಆಧಾರ್ ಕಾರ್ಡ್ ಕೇಳುತ್ತಿದ್ದೆ.